ಭಾಗವ್ವನ ಗೋಡೆಯ ಮೇಲೆ ಹಾದುಹೋದ ಹಣ

ಪರ್ಕಳದ ನಮ್ಮ ಬಾಡಿಗೆ ಮನೆಯಿಂದ ಭಾಗವ್ವನ ಅಂಗಡಿಗೆ ಎಪ್ಪತ್ತು ಹೆಜ್ಜೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡರೆ ಎಂಬತ್ತು. ಹೆರಿಗೆಯ ನಂತರ ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದ ಹತ್ತು ತಿಂಗಳಲ್ಲಿ, ದಿನಕ್ಕೊಮ್ಮೆಯಾದರೂ ದೊಡ್ಡವರೊಬ್ಬರ ಮುಖ ನೋಡಿ ಮಾತಾಡಬೇಕು ಅನ್ನಿಸಿದಾಗ ನಾನು ಹೋಗುತ್ತಿದ್ದುದು ಅಲ್ಲಿಗೆ.

ಕೆಂಪುಕಲ್ಲಿನ ಗೋಡೆ, ತಗಡಿನ ಮಾಡು. ಮುಂದೆ ಬದನೆ, ಟೊಮೆಟೊ, ಮೆಂತ್ಯ ಸೊಪ್ಪು. ಹಿಂದೆ ಒಲೆ. ಭಾಗವ್ವ ಬೆಳಿಗ್ಗೆ ಐದಕ್ಕೆ ಜೋಳದ ರೊಟ್ಟಿ ಬಡಿಯಲು ಕೂತರೆ ಏಳೂವರೆಗೆ ಏಳುತ್ತಿದ್ದರು. ಕುಷ್ಟಗಿ ಕಡೆಯವರು, ಇಲ್ಲಿಗೆ ಬಂದು ಹದಿನಾರು ವರ್ಷ. ಗಂಡ ಮಲಕಪ್ಪ ಗಾರೆ ಕೆಲಸ ಮಾಡುತ್ತಿದ್ದವರು, ನಾಲ್ಕು ವರ್ಷದ ಹಿಂದೆ ಕಾಪುವಿನಲ್ಲಿ ಕಟ್ಟುತ್ತಿದ್ದ ಮನೆಯ ಎರಡನೇ ಮಾಳಿಗೆಯಿಂದ ಬಿದ್ದರು. ಸೊಂಟದಲ್ಲಿ ರಾಡ್ ಹಾಕಿದ್ದಾರೆ. ಈಗ ಕೋಲು ಹಿಡಿದು ಬಂದು ಅಂಗಡಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾರೆ. ಎರಡನೇ ಆಪರೇಷನ್ ನವೆಂಬರಿನಲ್ಲಿ ಎಂದು ಡಾಕ್ಟರು ಹೇಳಿದ್ದರು. ಬಿಪಿಎಲ್ ಕಾರ್ಡ್ ಇರುವುದರಿಂದ ಖರ್ಚಿಲ್ಲ. ಆ ಕಾರ್ಡನ್ನು ಭಾಗವ್ವ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಜೋಳದ ಡಬ್ಬಿಯ ತಳದಲ್ಲಿ ಇಟ್ಟಿದ್ದರು.

ಓದು ಬರಹ ಇಲ್ಲ. ಆದರೆ ಅವರು ಮರೆತದ್ದನ್ನು ನಾನು ನೋಡಿಯೇ ಇಲ್ಲ. "ಹೋದ ಯುಗಾದಿ ಮುಂದ ಹದಿನೈದು ರೊಟ್ಟಿ ಒಯ್ದಿದ್ರಿ ಲೀನಕ್ಕಾರ, ಎರಡು ಮುರಿದಿದ್ವು" ಎಂದು ಒಂದು ದಿನ ಹೇಳಿದರು. ಮಗುವಿನ ಲಸಿಕೆಯ ದಿನ ನಾನೇ ಮರೆತಿದ್ದೆ. "ಶುಕ್ರವಾರ ಕೂಸಿಗೆ ಸೂಜಿ ಐತ್ರಿ" ಎಂದು ನೆನಪಿಸಿದ್ದು ಅವರೇ. ತಿಂಗಳ ಹಿಂದೆ ಒಮ್ಮೆ ಬಾಯಿತಪ್ಪಿ ಹೇಳಿದ್ದೆನಂತೆ.

ಮೂರು ವರ್ಷದ ಹಿಂದೆ ಬ್ಯಾಂಕಿನವರು ಬಂದು ಗೋಡೆಗೆ ಸ್ಕ್ಯಾನರ್ ಅಂಟಿಸಿ, ಪಕ್ಕದಲ್ಲಿ ಮಾತಾಡುವ ಪುಟ್ಟ ಪೆಟ್ಟಿಗೆ ಇಟ್ಟು ಹೋಗಿದ್ದರು. ಎಲ್ಲರೂ ಫೋನಿನಲ್ಲೇ ಹಣ ಕೊಡಬೇಕು, ದೇಶಕ್ಕೆ ಒಳ್ಳೆಯದು ಎಂದು ಆಗ ಎಲ್ಲ ಕಡೆ ಹೇಳುತ್ತಿದ್ದರು. ಮಣಿಪಾಲದ ವಿದ್ಯಾರ್ಥಿಗಳು ಎರಡು ರೊಟ್ಟಿಗೂ ಸ್ಕ್ಯಾನ್ ಮಾಡುವವರು. ಪೆಟ್ಟಿಗೆ ಮಾತಾಡಿದಾಗಲೆಲ್ಲ ನನ್ನ ಮಗು ಕತ್ತು ತಿರುಗಿಸುತ್ತಿತ್ತು.

ಶನಿವಾರ ಸಂಜೆ ಮಾತ್ರ ಆ ಪೆಟ್ಟಿಗೆ ನಿಲ್ಲಿಸದೆ ಕೂಗುತ್ತಿತ್ತು. ನಾಲ್ಕು ಸಾವಿರ, ಐದು ಸಾವಿರ, ಮತ್ತೆ ಐದು ಸಾವಿರ. ಮೊದಲ ಸಲ ಕೇಳಿದಾಗ ನಾನು ಗಾಬರಿಯಾಗಿದ್ದೆ. "ಇಷ್ಟು ಬದನೆ ಯಾರು ತಿನ್ನುವುದು ಭಾಗವ್ವ?" ಎಂದು ಕೇಳಿದ್ದೆ. ಅವರು ನಕ್ಕಿದ್ದರು.

ಅದು ಬದನೆಯ ಹಣವಲ್ಲ, ಕೂಲಿ. ಅವರ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಗಂಡಸರಿಗೆ, ಕೆಲಸ ಹಿಡಿದು ಮಾಡಿಸುವ ಭುಜಂಗ ಮೇಸ್ತ್ರಿ ಶನಿವಾರ ಫೋನಿಗೆ ಕೂಲಿ ಹಾಕಿದರೆ, ಅದು ಮನೆ ಸೇರುವ ಮೊದಲೇ ಬಾರಿನಲ್ಲಿ ಮುಗಿಯುತ್ತಿತ್ತು. ಒಂದು ಭಾನುವಾರ ಹೆಂಗಸರೆಲ್ಲ ಸೇರಿ ಮೇಸ್ತ್ರಿಯ ಮುಂದೆ ನಿಂತರಂತೆ. ಇನ್ನು ಮೇಲೆ ಕೂಲಿಯನ್ನು ಭಾಗವ್ವನ ಸ್ಕ್ಯಾನರಿಗೆ ಹಾಕಿ, ನಾವು ಅಲ್ಲಿಂದ ತೆಗೆದುಕೊಳ್ಳುತ್ತೇವೆ ಎಂದರಂತೆ. ಮೇಸ್ತ್ರಿ ಒಪ್ಪಿದರು. ಸೋಮವಾರ ಆಳುಗಳು ಸರಿಯಾಗಿ ಕೆಲಸಕ್ಕೆ ಬಂದರೆ ಅವರಿಗೂ ಲಾಭವೇ. ಭಾಗವ್ವ ವಾರದ ನಡುವೆ ಬ್ಯಾಂಕಿಗೆ ಹೋಗಿ ಹಣ ತಂದಿಡುವರು. ಭಾನುವಾರ ಬೆಳಿಗ್ಗೆ ಹೆಂಗಸರು ಬಂದು ತಮ್ಮ ತಮ್ಮ ಮನೆಯ ಕೂಲಿ ಒಯ್ಯುವರು. ಒಟ್ಟು ಮೂವತ್ತೊಂದು ಮನೆ. ಚೀಟಿ ಇಲ್ಲ, ಪುಸ್ತಕ ಇಲ್ಲ. ಎಲ್ಲ ಭಾಗವ್ವನ ತಲೆಯಲ್ಲಿ. ಮೂರು ವರ್ಷದಲ್ಲಿ ಒಂದೂ ಜಗಳ ಆಗಿರಲಿಲ್ಲ.

ಜುಲೈಯಲ್ಲಿ ನೋಟಿಸ್ ಬಂತು.

ಆ ತಿಂಗಳು ಫೋನಿನಲ್ಲಿ ಬಂದ ಹಣದ ಲೆಕ್ಕ ಹಿಡಿದು ಸಣ್ಣ ಅಂಗಡಿಯವರಿಗೆಲ್ಲ ನೋಟಿಸ್ ಬರುತ್ತಿದೆ ಎಂದು ಟಿವಿಯಲ್ಲಿ ದಿನವೂ ಹೇಳುತ್ತಿದ್ದರು. ಭಾಗವ್ವ ಲಕೋಟೆಯನ್ನು ಒಡೆಯದೆಯೇ ನಮ್ಮ ಮನೆಗೆ ತಂದರು. "ಬ್ಯಾಂಕಿಂದ ಏನೋ ಬಂದೈತ್ರಿ, ಓದ್ರಿ." ನಾನು ಓದಿದೆ. ವರ್ಷಕ್ಕೆ ನಲವತ್ತು ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ನಿಮ್ಮ ಖಾತೆಗೆ ಒಂದೇ ವರ್ಷದಲ್ಲಿ ಎಪ್ಪತ್ತೊಂದು ಲಕ್ಷ ಬಂದಿದೆ. ಕಾರಣ ತಿಳಿಸಿ.

"ಎಷ್ಟಂದ್ರಿ?"

"ಎಪ್ಪತ್ತೊಂದು ಲಕ್ಷ."

ಭಾಗವ್ವ ನನ್ನ ಮುಖ ನೋಡಿದರು. ಆಮೇಲೆ ಮಗುವಿನ ಮೂಗು ಒರೆಸಿದರು. "ಅದರಾಗ ನಂದು ಹನ್ನೆರಡು ಸೈತ ಇಲ್ರಿ. ಉಳಿದದ್ದು ನನ್ನ ಗೋಡಿ ಮ್ಯಾಲೆ ಹಾದು ಹೋಗೇತಿ, ಅಷ್ಟ." ಸೊಪ್ಪು ಬಾಡುತ್ತದೆ ಎಂದು ಎದ್ದು ಹೋದರು.

ಹೆರಿಗೆಗೆ ಮೊದಲು ನಾನು ಉಡುಪಿಯಲ್ಲಿ ತೆರಿಗೆ ಸಲಹೆಗಾರ ಲೂಯಿಸ್ ಸರ್ ಅವರ ಕಚೇರಿಯಲ್ಲಿ ಟೈಪ್ ಮಾಡುತ್ತಿದ್ದೆ. ಭಾಗವ್ವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಸರ್ ನೋಟಿಸನ್ನು ಎರಡು ಸಲ ಓದಿ, ಕೂಲಿಯ ವಿಷಯವನ್ನು ನನ್ನಿಂದ ಕೇಳಿ ತಿಳಿದು ಕನ್ನಡಕ ತೆಗೆದರು.

"ಎಂತ ಕೆಲಸ ಮಾಡಿದ್ದೀರಿ ಭಾಗವ್ವ ಬಾಯಿ ನೀವು? ಬ್ಯಾಂಕಿನವರೂ ಹೀಗೆ ಪುಕ್ಕಟೆ ಮಾಡುವುದಿಲ್ಲ."

"ಹೆಣಮಕ್ಕಳು ಕೇಳಿದ್ರು, ಮಾಡಿದ್ನಿರಿ."

"ಸರಿ ಮಾರಾಯ್ತಿ. ಆದರೆ ಕಂಪ್ಯೂಟರಿಗೆ ಆ ಹೆಣ್ಣುಮಕ್ಕಳು ಕಾಣುವುದಿಲ್ಲ, ನಿಮ್ಮ ಹೆಸರು ಮಾತ್ರ ಕಾಣ್ತದೆ." ಸರ್ ನಿಧಾನವಾಗಿ ಬಿಡಿಸಿ ಹೇಳಿದರು. ಹಳೆಯ ತೆರಿಗೆ ಕೇಳುವುದಿಲ್ಲ ಎಂದು ಸರಕಾರ ಹೇಳಿದೆ. ಆದರೆ ನೋಂದಣಿ ಆಗಬೇಕು. ಅದು ಬೇಡವಾದರೆ, ಆ ಹಣ ನಿಮ್ಮ ವ್ಯಾಪಾರದ್ದಲ್ಲ ಎಂದು ತೋರಿಸಬೇಕು. "ಮೇಸ್ತ್ರಿ ಒಂದು ಕಾಗದ ಕೊಡ್ತಾರಾ? ಇಲ್ಲದಿದ್ದರೆ ಆ ಮೂವತ್ತೊಂದು ಹೆಂಗಸರ ಹೆಸರು ಮತ್ತು ಸಹಿ ಬೇಕು."

"ನೋಂದಣಿ ಆದ್ರ ಏನಾಗ್ತೈತ್ರಿ?"

"ನೀವು ತೆರಿಗೆ ಕಟ್ಟುವವರ ಪಟ್ಟಿಗೆ ಸೇರುತ್ತೀರಿ."

"ಕಾರ್ಡು?"

ಲೂಯಿಸ್ ಸರ್ ಕನ್ನಡಕ ಮತ್ತೆ ಹಾಕಿಕೊಂಡರು. "ಗ್ಯಾರಂಟಿ ಹೇಳಲಿಕ್ಕೆ ಆಗುವುದಿಲ್ಲ ಬಾಯಿ. ಅಂಥವರ ಕಾರ್ಡು ತೆಗೆದದ್ದು ಉಂಟು."

ಭುಜಂಗ ಮೇಸ್ತ್ರಿ ಕಾರ್ಕಳದಲ್ಲಿ ದೊಡ್ಡ ಕೆಲಸ ಹಿಡಿದಿದ್ದರು. ನಾನು ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅವರಿಗೂ ಅವರ ತೆರಿಗೆಯ ಭಯ ಇರಬೇಕು.

ಆ ಭಾನುವಾರ ಬೆಳಿಗ್ಗೆ ನಾನು ಬಿಳಿ ಹಾಳೆ, ಪೆನ್ನು, ಹೆಬ್ಬೆಟ್ಟಿನ ಶಾಯಿ ಹಿಡಿದು ಅಂಗಡಿಯಲ್ಲಿ ಕೂತೆ. ಹೆಂಗಸರು ಬಂದರು. ವಿಷಯ ಹೇಳಿದೆ. ಮೊದಲು ನಗುವೇ ಎದ್ದಿತು.

"ನಮ್ಮ ಮನಿಯಾವ ಲಕ್ಷಾಧೀಶ ಅಂತ ಸರಕಾರಕ್ಕ ಗೊತ್ತಾತು, ನಮಗ ಗೊತ್ತಾಗಲಿಲ್ಲ ನೋಡ್ರಿ" ಎಂದಳು ಶಿಲ್ಪಾ. ಎಲ್ಲರಿಗಿಂತ ಚಿಕ್ಕವಳು, ಕಳೆದ ವರ್ಷ ಮದುವೆಯಾಗಿ ಬಂದವಳು.

"ಲಕ್ಷಾಧೀಶನ ಹೆಂಡ್ತಿ, ಮೊದಲ ಆ ಹರಕ ಚಪ್ಪಲ್ ಬದಲಿ ಮಾಡು" ಎಂದಳು ಹುಲಿಗೆವ್ವ.

ಹಾಳೆಯನ್ನು ಮುಂದೆ ಚಾಚಿದಾಗ ನಗು ನಿಂತಿತು. ಯಾರೂ ಕೈ ಮುಂದೆ ಮಾಡಲಿಲ್ಲ. ಜಯಮಾಲಾ ಆ ಗುಂಪಿನಲ್ಲಿ ಏಳನೇ ತರಗತಿಯವರೆಗೆ ಓದಿದವಳು. ಹಾಳೆಯ ಮೇಲೆ ನಾನು ಬರೆದ ತಲೆಬರಹವನ್ನು ತುಟಿ ಆಡಿಸುತ್ತಾ ಓದಿದಳು.

"ಇದು ಟ್ಯಾಕ್ಸಿನವರ ಆಫೀಸಿಗೆ ಹೋಗ್ತೈತಿ, ಹೌದಲ್ರಿ ಅಕ್ಕಾರ?"

"ಹೌದು."

"ವರ್ಷಕ್ಕ ಇಷ್ಟು ಕೂಲಿ ಬಂದೈತಿ ಅಂತ ನಮ್ಮ ಹೆಸರಿನ ಮುಂದ ಬರೀತಾರ."

"ಹೌದು."

"ಹಂಗಾದ್ರ, ಇದಕ್ಕ ಸೈ ಮಾಡಿದ್ರ ನಿಮ್ಮ ಕಾರ್ಡು ಹೋಗಂಗಿಲ್ಲ, ತಿಂಗಳಾ ಸರಕಾರದಿಂದ ಬರೂ ಎರಡು ಸಾವಿರ ನಿಲ್ಲಂಗಿಲ್ಲ ಅಂತ ನೀವೊಂದು ಹಾಳಿ ಬರದು, ಅದರ ಕೆಳಗ ಸೈ ಮಾಡಿ ಕೊಡ್ತೀರೇನು?"

ಏನೂ ಆಗುವುದಿಲ್ಲ ಎಂದು ಬಾಯಿಯಲ್ಲಿ ಹೇಳಬಹುದಿತ್ತು. ಬರೆದು ಸಹಿ ಮಾಡಲು ನನ್ನಿಂದ ಆಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದೆ.

ಭಾಗವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಹೊರಗೆ ಬಂದು ಕೈ ಒರೆಸಿಕೊಂಡು, ಏನೂ ಆಗಿಲ್ಲದವರ ಹಾಗೆ ಒಬ್ಬೊಬ್ಬರಿಗೂ ಅವರವರ ಕೂಲಿ ಕೊಟ್ಟು ಕಳಿಸಿದರು. ಹೋಗುವಾಗ ಯಾರೂ ಅವರ ಕಣ್ಣು ನೋಡಲಿಲ್ಲ. ಮಲಕಪ್ಪ ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದರು.

ಆಗಸ್ಟಿನ ಎರಡನೇ ವಾರ ನಾವು ತೆರಿಗೆ ಕಚೇರಿಗೆ ಹೋದೆವು. ನಾನು, ಮಗು, ಭಾಗವ್ವ, ಲೂಯಿಸ್ ಸರ್. ಅಧಿಕಾರಿ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಮಗುವನ್ನು ನೋಡಿ ಫ್ಯಾನಿನ ವೇಗ ಕಡಿಮೆ ಮಾಡಿಸಿದರು. ಸರ್ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು. ನಂಬಲಿಲ್ಲ ಎಂದೂ ಹೇಳಲಿಲ್ಲ.

"ಸಹಿ ಬೇಡಮ್ಮ, ಹೆಸರು ಹೇಳಿ ಸಾಕು. ಯಾರ ಕೂಲಿ, ಯಾವ ಊರಿನವರು, ಎಲ್ಲಿ ಇದ್ದಾರೆ. ನಾವೇ ವಿಚಾರಿಸಿ ಬಿಟ್ಟುಬಿಡುತ್ತೇವೆ." ಅವರು ಪೆನ್ನು ತೆಗೆದುಕೊಂಡರು. "ಹೇಳಿ."

ಭಾಗವ್ವ ಮೇಜಿನ ಅಂಚನ್ನು ನೋಡುತ್ತಿದ್ದರು.

"ನೆನಪಿಲ್ರಿ ಬಾಯಾರ."

"ಎಂತದು!" ಎಂದರು ಲೂಯಿಸ್ ಸರ್. "ಮೂರು ವರ್ಷ ವಾರ ವಾರ ಕೊಟ್ಟಿದ್ದೀರಿ. ಒಬ್ಬರ ಹೆಸರಾದರೂ?"

"ಇಲ್ರಿ. ಓದಿಲ್ಲ, ಬರದಿಲ್ಲ. ನಮ್ಮಂಥವರಿಗೆ ಹೆಂಗ ನೆನಪಿರ್ತೈತ್ರಿ?"

ಸರ್ ನನ್ನ ಕಡೆ ತಿರುಗಿದರು. ನನಗೆ ಮೂರು ಹೆಸರು ಗೊತ್ತಿತ್ತು. ಮಗುವಿನ ಕಾಲುಚೀಲ ಜಾರಿತ್ತು, ಅದನ್ನು ಸರಿಮಾಡಿದೆ. ಆಮೇಲೆ ಇನ್ನೊಂದು ಕಾಲಿನದನ್ನೂ ಸರಿಮಾಡಿದೆ, ಅದು ಜಾರಿರಲಿಲ್ಲ.

ಅಧಿಕಾರಿ ಪೆನ್ನು ಕೆಳಗಿಟ್ಟರು. ಹೆಸರಿಲ್ಲದ ಹಣವನ್ನು ವ್ಯಾಪಾರದ್ದೇ ಎಂದು ಹಿಡಿಯಬೇಕಾಗುತ್ತದೆ, ನೋಂದಣಿ ಮಾಡಿಸಿ, ಕಷ್ಟವಿಲ್ಲ ಎಂದರು.

"ಅಂಗಡಿ ಮುಚ್ಚಿದ್ರ ಏನ್ರಿ?" ಎಂದು ಭಾಗವ್ವ ಕೇಳಿದರು.

"ವ್ಯಾಪಾರವೇ ನಿಲ್ಲಿಸಿದ್ದೇನೆ ಎಂದು ಬರೆದುಕೊಟ್ಟರೆ ನೋಂದಣಿಯ ಪ್ರಶ್ನೆ ಬರುವುದಿಲ್ಲ. ಆದರೆ ಅಷ್ಟಕ್ಕೆ ಯಾಕೆ ಮುಚ್ಚುತ್ತೀರಿ?"

"ನವೆಂಬರದಾಗ ನಮ್ಮವರ ಆಪರೇಷನ್ ಐತ್ರಿ."

ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ಅಧಿಕಾರಿಗೆ ಹೊಳೆಯಲಿಲ್ಲ. ಲೂಯಿಸ್ ಸರ್ ವಿವರಿಸಿದರು. ಕಾರ್ಡಿನ ವಿಷಯ ಬೇರೆ ಇಲಾಖೆಯದ್ದು, ತಾನು ಏನೂ ಹೇಳಲಾರೆ ಎಂದರು ಅವರು. ಸರ್ ಅಲ್ಲೇ ಕೂತು ಬರೆದರು. ಭಾಗವ್ವ ಹೆಬ್ಬೆಟ್ಟು ಒತ್ತಿದರು. ಅದನ್ನು ಒರೆಸಲು ನಾನು ಮಗುವಿನ ಹಳೆಯ ಬಟ್ಟೆ ಕೊಟ್ಟೆ.

ಬಸ್ಸಿನಲ್ಲಿ ಮಗು ರಗಳೆ ಮಾಡಿತು. ನಿದ್ದೆ ಬಂದಿತ್ತು, ಮಲಗುತ್ತಿರಲಿಲ್ಲ. "ಕೊಡ್ರಿ ಇಲ್ಲಿ" ಎಂದು ಭಾಗವ್ವ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡರು. ಇಂದ್ರಾಳಿ ಸೇತುವೆಯ ಹತ್ತಿರ ಬಸ್ಸು ನಿಂತೇ ಇತ್ತು. ಅವರು ಮಗುವಿನ ಬೆನ್ನು ತಟ್ಟುತ್ತಾ ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಲಾಲಿ ಇರಬೇಕು ಎಂದುಕೊಂಡೆ.

"ಹನಮಸಾಗರದ ಹುಲಿಗೆವ್ವ, ಗಂಡ ಬೀರಪ್ಪ, ಮಗಳು ಆರನೇತ್ತೆ ಓದ್ತಾಳ. ಗಜೇಂದ್ರಗಡದ ಜಯಮಾಲಾ, ಗಂಡ ಕರಿಬಸವ, ಎರಡು ಗಂಡು. ಇಳಕಲ್ಲಿನ ಶಿಲ್ಪಾ, ಐದು ತಿಂಗಳ ಬಸುರಿ. ರೋಣದ ದುರಗವ್ವ, ಅತ್ತಿ ಜೋಡಿ ಬಂದಾಳ..."

ಒಂದು ಹೆಸರಿಗೆ ಒಂದು ತಟ್ಟು. ದನಿಯಲ್ಲಿ ಏರಿಳಿತ ಇರಲಿಲ್ಲ. ನಾನು ಸೀಟಿನ ಕೆಳಗೆ ಬೆರಳು ಮಡಚುತ್ತಾ ಹೋದೆ. ಟೈಗರ್ ಸರ್ಕಲ್ಲಿಗೆ ಬರುವಾಗ ಹತ್ತೊಂಬತ್ತಾಗಿತ್ತು. ಮಗು ಮಲಗಿತ್ತು, ಅವರು ನಿಲ್ಲಿಸಲಿಲ್ಲ. ಈಶ್ವರನಗರ ದಾಟಿದ ಮೇಲೆ ಮೂವತ್ತೊಂದು ಮುಗಿಯಿತು. ಪರ್ಕಳದಲ್ಲಿ ಇಳಿದೆವು. ಮಗುವನ್ನು ನನ್ನ ಕೈಗೆ ಕೊಟ್ಟು, "ಟೊಪ್ಪಿಗಿ ಹಾಕ್ರಿ, ಗಾಳಿ ಐತಿ" ಎಂದರು.

ಆ ದಿನ ನನ್ನ ಡೈರಿಯಲ್ಲಿ ಇರುವುದು ಇಷ್ಟೇ: ಕಚೇರಿಗೆ ಹೋಗಿ ಬಂದೆವು. ಮಗು ಬಸ್ಸಿನಲ್ಲಿ ಮಲಗಿತು. ಬಟ್ಟೆ ಒಣಗಿಲ್ಲ.

ಉಳಿದ ತರಕಾರಿ ಎರಡು ದಿನದಲ್ಲಿ ಖರ್ಚಾಯಿತು. ಸ್ಕ್ಯಾನರನ್ನು ಭಾಗವ್ವ ಚಾಕುವಿನಿಂದ ಕೆರೆದು ತೆಗೆದರು. ಪೂರ್ತಿ ಬರಲಿಲ್ಲ, ಒಂದು ಮೂಲೆ ಗೋಡೆಯಲ್ಲೇ ಉಳಿಯಿತು. ಮುಂದಿನ ಶನಿವಾರದಿಂದ ಕೂಲಿ ಗಂಡಸರ ಫೋನಿಗೆ ಹೋಗತೊಡಗಿತು. ಸೋಮವಾರ ಭುಜಂಗ ಮೇಸ್ತ್ರಿಯೇ ಆಳುಗಳನ್ನು ಹುಡುಕಿಕೊಂಡು ಪರ್ಕಳಕ್ಕೆ ಬಂದಿದ್ದರು. ನನ್ನನ್ನು ನೋಡಿ, "ಎಂತ ಮಾರಾಯ್ರೆ, ಇವರು ಅಂಗಡಿ ಯಾಕೆ ಮುಚ್ಚಿದ್ದು?" ಎಂದು ಕೇಳಿದರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಅಂಗಡಿ ಮುಚ್ಚಿದ ಮೂರನೇ ಭಾನುವಾರ ಜಯಮಾಲಾ ನಮ್ಮ ಮನೆಗೆ ಬಂದಳು. ಒಳಗೆ ಬರಲಿಲ್ಲ, ಮೆಟ್ಟಿಲಲ್ಲೇ ನಿಂತಳು. "ಸೈ ಮಾಡ್ತೀನ್ರಿ ಅಕ್ಕಾರ. ಆ ಹಾಳಿ ಕೊಡ್ರಿ." ತಡವಾಯಿತು ಎಂದೆ. ಅವಳು ಮೆಟ್ಟಿಲಿಳಿದು ಹೋದಳು.

ಭಾಗವ್ವ ಈಗ ಮಣಿಪಾಲದಲ್ಲಿ ಹಾಸ್ಟೆಲುಗಳಿಗೆ ಊಟ ಕಳಿಸುವ ಒಂದು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ. ದಿನಕ್ಕೆ ಮುನ್ನೂರು. ಕೂಲಿಯನ್ನು ಕೈಗೇ ಕೊಡಬೇಕು ಎಂದು ಮೊದಲೇ ಹೇಳಿ ಸೇರಿದ್ದಾರೆ. ಕಾರ್ಡು ಜೋಳದ ಡಬ್ಬಿಯಲ್ಲೇ ಉಂಟು. ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ.

ಸೆಪ್ಟೆಂಬರಿನಲ್ಲಿ ಸರಕಾರ ತೆರಿಗೆ ಇಳಿಸಿತು. ಟಿವಿಯಲ್ಲಿ ದಿನವಿಡೀ ಅದೇ. ಪಟ್ಟಿಯಲ್ಲಿ ರೊಟ್ಟಿಯ ಹೆಸರು ನೋಡಿದೆ. ಮರುದಿನ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಹಾಲಿಗೆ ಹೋದಾಗ ಭಾಗವ್ವ ಬಸ್ಸಿಗೆ ಕಾಯುತ್ತಿದ್ದರು. ಹೇಳಬೇಕೋ ಬೇಡವೋ ಗೊತ್ತಾಗಲಿಲ್ಲ, ಹೇಳಿದೆ.

"ಭಾಗವ್ವ, ಇನ್ನು ರೊಟ್ಟಿಗೆ ತೆರಿಗೆ ಇಲ್ಲವಂತೆ."

ಅವರು ಮಗುವಿನ ಕೈ ಹಿಡಿದಿದ್ದರು.

"ಮೊದಲ ಇತ್ತೇನ್ರಿ?"

"ಇತ್ತು. ನೂರಕ್ಕೆ ಐದು."

"ಹೌದ?" ಎಂದರು. ಬಸ್ಸು ಬಂತು. ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹತ್ತಿದರು.