ಕೊನೆಯ ಕೊಯ್ಲಿನ ಒಣ ತೂಕ

ಪರಿಶೀಲನೆಗೆ ಬಂದಿದ್ದ ಸಮಿತಿಯ ಮುಖ್ಯಸ್ಥರ ಎದುರೇ ವಿಜ್ಞಾನಿ ಮೇಡಂ ಓವನ್ನಿನ ಬಾಗಿಲು ತೆಗೆದರು. ಹದಿನೆಂಟನೆಯ, ಅಂದರೆ ಕೊನೆಯ ಕೊಯ್ಲಿನ ಬದನೆಕಾಯಿ ಒಣಗಿರಬೇಕಿದ್ದ ಕಂದು ಕಾಗದದ ಚೀಲದಿಂದ ಹೊರಬಿದ್ದದ್ದು ಇಟ್ಟಿಗೆಯಾಗಿದ್ದ ಎರಡು ತುಂಡು ಬ್ರೆಡ್ಡು. ಮೂರು ದಿನದ ಹಿಂದೆ, ಕೊಯ್ಲಿನ ಗಡಿಬಿಡಿಯಲ್ಲಿ ತೂಕದಣ್ಣ ಉಣ್ಣದೇ ಬಿಟ್ಟ ಬುತ್ತಿ.

ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ತೂಗುವ ಕೆಲಸದವನಾದ್ದರಿಂದ ಆ ಹೆಸರು. ಮಾತೂ ತೂಕದ್ದೇ, ಹಗುರವಾಗಿ ಆಡಲು ಬರುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಅವನು ತೂಗಿದ್ದು ಮೇಡಂ ಕಟ್ಟುತ್ತಿದ್ದ ಒಂದು ಕಂಪ್ಯೂಟರ್ ಮಾದರಿಗಾಗಿ. ಬಿದ್ದ ಮಳೆಯಲ್ಲಿ ಗಿಡಗಳು ಕುಡಿದದ್ದೆಷ್ಟು, ಹೊಳೆಗೆ ಉಳಿದದ್ದೆಷ್ಟು ಎಂದು ಇಡೀ ಜಲಾನಯನದ ಲೆಕ್ಕ ಹೇಳುವ ಆ ಮಹಾಶಯನಿಗೆ ಬದನೆಯೂ ಗೋಧಿಯೂ ಒಂದೇ: ಒಂದು ಸಲ ಕೊಯ್ದರೆ ಗಿಡದ ಕಥೆ ಮುಗಿಯಿತು. ಕಿತ್ತಷ್ಟೂ ಕಾಯಿ ಬಿಡುವ ಗಿಡಗಳೂ ಇವೆ ಎಂದು ಕಲಿಸಲು ಒಂದು ಹಂಗಾಮಿನ ಅಷ್ಟೂ ಕೊಯ್ಲುಗಳ ಒಣ ತೂಕ ಬೇಕಿತ್ತು. ಒಂದು ವರ್ಷ ಹೊಳೆಯೇ ನುಗ್ಗಿತು, ಒಂದು ವರ್ಷ ಇಲಿ, ಮಿಕ್ಕ ವರ್ಷಗಳೆಲ್ಲ ಹುಳ. ಈ ಸಲವೂ ತಪ್ಪಿದರೆ ಬದನೆಯ ಪ್ರಯೋಗದ ತಾಕು ನೆಲಸಮ ಎಂದು ಸಮಿತಿ ಹೇಳಿಬಿಟ್ಟಿತ್ತು. ಹದಿನೇಳು ಕೊಯ್ಲು ಸುಸೂತ್ರವಾಗಿ ಮುಗಿದಿದ್ದವು.

ತೂಕದಣ್ಣ ಹೊರಗೋಡಿ ಹೆಂಡತಿಗೆ ಫೋನು ಮಾಡಿದ.

"ಸೋಮವಾರ ನನ್ನ ಬ್ಯಾಗಲ್ಲಿದ್ದ ಚೀಲ ಏನ್ಮಾಡ್ದೆ?"

"ಬದನೆಕಾಯಿದಾ? ಅವತ್ತೇ ಬೇಯಿಸಿದ್ನಲ್ಲ. ನೀವೇ ತಿಂದ್ರಿ."

"ಮೇಲೆ ಚೀಟಿ ಇತ್ತಲ್ಲೇ!"

"ಓದ್ದೆ. 'ಕೊನೆಯ ಕೊಯ್ಲು' ಅಂತಿತ್ತು. ಕೊನೇದು ಅಂತ ಮನೆಗೆ ಕೊಟ್ಟಿದ್ದಾರೆ ಅನ್ಕೊಂಡೆ. ಒಂಬತ್ತು ವರ್ಷಕ್ಕೆ ಒಂದ್ಸಲಾನಾದ್ರೂ ನಮ್ಮ ನೆನಪಾಯ್ತಲ್ಲ ಅಂತ ಖುಷಿ ಆಯ್ತುರೀ."

ಅವನು ಬಯ್ಯುವುದಾದರೂ ಯಾರನ್ನು? ಕಚೇರಿಯ ಅಂಥದ್ದೇ ಚೀಲ ಮನೆಗೊಯ್ದು ಬುತ್ತಿ ಕಟ್ಟಿಸಿಕೊಳ್ಳುತ್ತಿದ್ದವನು ತಾನೇ; ಅವತ್ತು ಬುತ್ತಿ ಓವನ್ನಿಗೂ ಬದನೆ ಮನೆಗೂ ಹೋಗಿತ್ತು. ಜೀವಮಾನವೆಲ್ಲ ತೂಗಿದ ಕೈಗೆ ಬ್ರೆಡ್ಡಿಗೂ ಬದನೆಗೂ ವ್ಯತ್ಯಾಸ ತಿಳಿದಿರಲಿಲ್ಲ. ತೂಗಬೇಕಿದ್ದ ಮಾದರಿ ಹೊಟ್ಟೆ ಸೇರಿತ್ತು; ಲೆಕ್ಕದ ಮಾದರಿ ಉಪವಾಸ.

ಹಿಂದೆಯೇ ಬಂದ ಮೇಡಂ ಎಲ್ಲ ಕೇಳಿಸಿಕೊಂಡು ಪಿಸುಗುಟ್ಟಿದರು: "ಒಂದು ಅಂದಾಜು ಬರೆದ್ಬಿಡಿ ಅಣ್ಣ. ಮುಖ್ಯಸ್ಥರನ್ನ ನಾನು ಒಪ್ಪಿಸ್ತೀನಿ."

"ಅಂದಾಜು ಹಾಕೋಕೆ ನಿಮ್ಮ ಕಂಪ್ಯೂಟರಿದೆ ಮೇಡಂ. ನಾನು ತೂಗೋನು."

ದಾಖಲೆ ಪುಸ್ತಕದಲ್ಲಿ ಹದಿನೆಂಟನೆಯ ಸಾಲು ಖಾಲಿ ಉಳಿಯಿತು. ಮುಖ್ಯಸ್ಥರು ಪುಸ್ತಕ ಮುಚ್ಚಿದರು. ಮುಂದಿನ ವಾರ ತಾಕಿಗೆ ಟ್ರ್ಯಾಕ್ಟರ್ ಬರುತ್ತದೆ. ಕಂಪ್ಯೂಟರು ತನ್ನ ಬದನೆಯನ್ನು ಎಂದಿನಂತೆ ಒಂದೇ ಸಲ ಕೊಯ್ದು ಸುಖವಾಗಿರುತ್ತದೆ. ಮೇಡಂ ಕಿಟಕಿಯಾಚೆ ನೋಡುತ್ತ ನಿಂತರು. ಅಲ್ಲಿ ಗಿಡಗಳು, ಯಾರೂ ಕೇಳದಿದ್ದರೂ, ಮತ್ತೆ ಹೂ ಬಿಟ್ಟಿದ್ದವು.

ಮುಖ್ಯಸ್ಥರು ಕೆಟ್ಟವರೇನಲ್ಲ. ಬಾಗಿಲಲ್ಲಿ ತಿರುಗಿ ನಿಂತರು.

"ಅಲ್ಲಪ್ಪಾ, ಒಂಬತ್ತು ವರ್ಷ ಇದರ ಹಿಂದೆ ಬಿದ್ದಿದ್ದೀಯ. ಆ ಕೊನೇ ಕೊಯ್ಲಿನ ಬಗ್ಗೆ ಖಚಿತವಾಗಿ ಒಂದಾದ್ರೂ ವಿಷಯ ಹೇಳೋಕಾಗುತ್ತಾ?"

ತೂಕದಣ್ಣ ಯೋಚಿಸಿದ. ಗೊತ್ತಿಲ್ಲದ್ದನ್ನು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

"ಉಪ್ಪು ಸ್ವಲ್ಪ ಕಮ್ಮಿಯಾಗಿತ್ತು ಸಾರ್."