ಬಾಯಿಬಿಟ್ಟು ಧ್ಯಾನ ಮಾಡಿದ ಗೋಪಮ್ಮ

ಮಾನ್ವಿಯ ಗೋಪಮ್ಮ ಹುಟ್ಟುವಾಗ ತಂದುಕೊಂಡ ಆಸ್ತಿ ಒಂದೇ, ಗಂಟಲು. ತವರೂರು ಕಲ್ಮಲದ ಗದ್ದೆಗಳಲ್ಲಿ ಅವ್ವನ ಜೊತೆ ಭತ್ತದ ಸಸಿ ಹಚ್ಚುವಾಗ ಈ ಬದುವಿನಿಂದ ಆ ಬದುವಿಗೆ ಕೂಗು ಹಾಕಬೇಕೆಂದರೆ ಎಲ್ಲರೂ ಇವಳನ್ನೇ ಮುಂದೆ ಮಾಡುತ್ತಿದ್ದರು. ಮದುವೆಯಾಗಿ ಮಾನ್ವಿಗೆ ಬಂದು ಹುಡುಗರ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದ ಮೇಲೆ ಅಲ್ಲಿಯ ಊಟದ ಗಂಟೆ ತುಕ್ಕು ಹಿಡಿಯಿತು. "ಬರ್ರಲೇ, ಅನ್ನ ಆರಾಕತ್ತದ!" ಎಂದು ಇವಳು ಒಂದು ಸಲ ಅಂದರೆ ಸಾಕು, ಹುಡುಗರಷ್ಟೇ ಅಲ್ಲ, ಓಣಿಯ ನಾಯಿಗಳೂ ಬಂದು ನಿಲ್ಲುತ್ತಿದ್ದವು. ವಯಸ್ಸಾಗಿ ಕೆಲಸದಿಂದ ನಿವೃತ್ತಿಯಾದಳು. ಗಂಟಲಿಗೆ ಎಲ್ಲಿಯ ನಿವೃತ್ತಿ? ಅದೂ ಅವಳ ಹಿಂದೆಯೇ ಮನೆಗೆ ಬಂತು. ಗಂಡ ತಾಯಣ್ಣನಿಗೆ ಒಂದು ಕಿವಿ ಮಂದವಾಗಿತ್ತು. ಯಾವ ಕಿವಿ ಎನ್ನುವುದು ಹೆಂಡತಿ ಯಾವ ಕಡೆ ಕುಳಿತಿದ್ದಾಳೆ ಎನ್ನುವುದರ ಮೇಲೆ ನಿಂತಿತ್ತು.

ಇಂಥ ಗೋಪಮ್ಮ ಒಬ್ಬಳ ಜೊತೆ ಮಾತು ಬಿಟ್ಟಿದ್ದಳು ಅಂದರೆ ನಂಬುತ್ತೀರಾ? ಅದೂ ಯಾರ ಜೊತೆ, ಗೋಡೆಯಾಚೆಯ ಬೂದೆಮ್ಮನ ಜೊತೆ! ಬೂದೆಮ್ಮ ತಾಯಣ್ಣನ ಅಣ್ಣನ ಹೆಂಡತಿ, ಇವಳಿಗೆ ನೆಗೆಣ್ಣಿ. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಒಂದೇ ಮನೆಯನ್ನು ಪಾಲು ಮಾಡಿ ಅಂಗಳದ ನಡುವೆ ಎದೆಮಟ್ಟದ ಗೋಡೆ ಎಬ್ಬಿಸಿದ್ದರೂ ಆ ಗೋಡೆ ದಾಟಿ ಸಾರಿನ ಬಟ್ಟಲು ಹೋಗಿಬರದ ದಿನವಿರಲಿಲ್ಲ. ಹೋದ ಬುದ್ಧ ಪೂರ್ಣಿಮೆಗೆ ಗೋಪಮ್ಮ ಓಣಿಗೆಲ್ಲ ಗೋಧಿ ಹುಗ್ಗಿ ಮಾಡಿ ಬಡಿಸಿದಾಗ ಬೂದೆಮ್ಮ ಎಲ್ಲರ ಎದುರು ಬಾಯಿ ಚಪ್ಪರಿಸಿ, "ಹೂಂ, ಹಾಸ್ಟೆಲ್ ರುಚಿ ಅದ" ಅಂದುಬಿಟ್ಟಳು. ಆಯುಷ್ಯವೆಲ್ಲ ಹಾಸ್ಟೆಲ್ಲಿನ ಒಲೆಯ ಮುಂದೆ ಕಳೆದವಳಿಗೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲಿಯೇ ನಾಟಿತು.

ಮಾತು ಬಿಡುವುದಕ್ಕೂ ನಮ್ಮ ಕಡೆ ಒಂದು ಕಾನೂನಿದೆ. ಮಾತು ಬಿಟ್ಟವರು ಮುಖ ನೋಡಿ ಮಾತಾಡುವ ಹಾಗಿಲ್ಲ. ಹೇಳುವುದಿದ್ದರೆ ಗೋಡೆಗೆ ಹೇಳಬೇಕು, ಕೊಡಕ್ಕೆ ಹೇಳಬೇಕು, ಕೋಳಿಗೆ ಹೇಳಬೇಕು. ಕೇಳಬೇಕಾದವರು ಕೇಳಿಸಿಕೊಳ್ಳುತ್ತಾರೆ. ಯಾರು ಮೊದಲು ನೇರವಾಗಿ ಬಾಯಿ ಬಿಡುತ್ತಾರೋ ಅವರು ಸೋತ ಹಾಗೆ. ಬೂದೆಮ್ಮನ ಕೋಳಿ ಎರಡೂ ಅಂಗಳದಲ್ಲಿ ಮೇಯುತ್ತಿದ್ದರಿಂದ ಈ ಚಾಕರಿ ಅದರ ಪಾಲಿಗೆ ಬಂತು.

"ಏ ಕೋಳಿ, ನಳ ಬಂದು ಎಷ್ಟೊತ್ತಾತು, ಕೆಲವ್ರಿಗಿ ಇನ್ನಾ ನಿದ್ದಿ!" ಎಂದು ಈಚೆಯಿಂದ ಗೋಪಮ್ಮ.

"ಕೋಳಿ, ನನ್ನ ಕೊಡ ಆಗಲೇ ತುಂಬ್ಯಾವ ಅಂತ ಹೇಳು" ಎಂದು ಆಚೆಯಿಂದ ಬೂದೆಮ್ಮ.

ದೊಡ್ಡ ಸುದ್ದಿಯೂ ಆ ಕೋಳಿಯ ಮೂಲಕವೇ ಬಂತು. ಬೂದೆಮ್ಮನ ಮಗಳು ನಾಗವೇಣಿ ದೇವದುರ್ಗದ ದವಾಖಾನೆಯಲ್ಲಿ ನರ್ಸು. "ಕೋಳಿ, ಚಳಿ ಬೀಳೂದ್ರಾಗ ನಾನು ಮಗಳ ಮನಿಗಿ ಹೊಂಟೀನಿ. ಇನ್ನ ಅಲ್ಲೇ ಇರೂದು. ಇಲ್ಲಿ ನನ್ನ ಯಾರು ಕೇಳೋರದಾರ?" ಎಂದು ಬೂದೆಮ್ಮ ಕಾಳು ಚೆಲ್ಲುತ್ತ ಹೇಳಿದಳು. ಈಚೆ ಗೋಪಮ್ಮ ಉಣ್ಣುತ್ತಿದ್ದ ತಟ್ಟೆ ಸರಿಸಿ ಎದ್ದಳು. "ಹೋಗಬ್ಯಾಡ ಯಕ್ಕಾ" ಎಂಬ ಒಂದು ಮಾತು ಗಂಟಲಿಗೆ ಬಂದು ನಿಂತಿತು. ಅದನ್ನು ಆಡಿಬಿಟ್ಟರೆ ಜಗಳ ಮುಗಿಯಿತು, ಆದರೆ ಮೊದಲು ಆಡಿದವಳು ಸೋತ ಹಾಗೆ. ಗೋಪಮ್ಮ ಸೋಲುವುದೇ? ಮಾತನ್ನು ನುಂಗಿದಳು, ಬಿಪಿ ಏರಿತು. ಸಿಟ್ಟು ಕಡಿಮೆ ಮಾಡಿಕೊಳ್ಳದಿದ್ದರೆ ಕಷ್ಟ ಎಂದು ಡಾಕ್ಟರು ಎಚ್ಚರಿಸಿದರು.

ಹಾಗಾಗಿ ಗೋಪಮ್ಮ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ರಾಯಚೂರಿನ ಧ್ಯಾನದ ತರಗತಿಗೆ ಹೋಗತೊಡಗಿದಳು. ಅದನ್ನು ನಡೆಸುತ್ತಿದ್ದವನು ಅನಿಲಕುಮಾರ. ಒಂದು ಕಾಲಕ್ಕೆ ಇದೇ ಗೋಪಮ್ಮನ ಹಾಸ್ಟೆಲ್ಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಹುಡುಗ, ಈಗ ದಿನಾ ಯರಗೇರಾಕ್ಕೆ ಬಸ್ಸಿನಲ್ಲಿ ಹೋಗಿ ಪಾಠ ಹೇಳುವ ಮೇಷ್ಟ್ರು.

"ಯವ್ವಾ, ಮನಸ್ಸಿನ್ಯಾಗ ಏನು ಎದ್ರೂ ಅದಕ್ಕೊಂದು ಸಣ್ಣ ಹೆಸರು ಕೊಡು. ಸಿಟ್ಟು ಬಂದ್ರ 'ಸಿಟ್ಟು', ನೋವಾದ್ರ 'ನೋವು'. ಹೆಸರು ಹಿಡ್ದು ಕರದ್ರ ಅದು ನಿನ್ನ ಮ್ಯಾಲ ಸವಾರಿ ಮಾಡೂದಿಲ್ಲ" ಎಂದ ಅನಿಲಕುಮಾರ. "ಹೆಂಗ ಕರೀಬೇಕು ಅನ್ನೂದಕ್ಕ ಬ್ಯಾರೆ ಬ್ಯಾರೆ ಪದ್ಧತಿ ಅದಾವ. ನಿನಗ ಯಾವುದು ಹೊಂದ್ತದ ಅದನ್ನ ಹಿಡಿ."

ಮೊದಲು ಮನಸ್ಸಿನೊಳಗೇ ಮೆಲ್ಲಗೆ ಹೆಸರಿಡುವ ಪದ್ಧತಿ ಹಿಡಿದಳು. 'ಯೋಚನೆ' ಎಂದು ಹೆಸರಿಟ್ಟು ಮುಗಿಯುವುದರೊಳಗೆ ಗೊರಕೆ ಶುರುವಾಯಿತು. ಆಮೇಲೆ ಉಸಿರಿನೊಡನೆ ಹೊಟ್ಟೆ ಏರುವುದನ್ನೂ ಇಳಿಯುವುದನ್ನೂ ಗಮನಿಸಿ 'ಏರಾಕತ್ತದ, ಇಳಿಯಾಕತ್ತದ' ಅನ್ನುವುದು. ಅದರಲ್ಲಿ ಅವಳಿಗೆ ಉಕ್ಕುವ ಅನ್ನದ ಪಾತ್ರೆಯೇ ಕಣ್ಣ ಮುಂದೆ ಬಂದು, ಪ್ರತಿಸಲ ಏರಿದಾಗಲೂ ಕೈ ತಾನಾಗಿ ಮುಚ್ಚಳ ತೆಗೆಯಲು ಹೋಗುತ್ತಿತ್ತು. ಹೆಸರೇ ಇಡದೆ ಸುಮ್ಮನೆ ಅರಿಯುವ ಪದ್ಧತಿಯೂ ಇತ್ತು. "ಏನೋ ತಮ್ಮಾ, ಬಾಯಿಗಿ ಬರದಿದ್ರ ನನಗ ತಿಳಿಯೂದಾದ್ರೂ ಹೆಂಗ?" ಎಂದು ಅದನ್ನು ಅಲ್ಲೇ ಬಿಟ್ಟಳು.

ಅನಿಲಕುಮಾರ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಇನ್ನೊಂದದ. ಬಾಯಿಬಿಟ್ಟು ಅನ್ನೂದು. ಮನಸ್ಸು ನಿಲ್ದವ್ರಿಗೆ ಅದು ಚಲೋ. ಆದ್ರ ಯವ್ವಾ, ಅದನ್ನ ಮನ್ಯಾಗ ಮಾಡು, ಇಲ್ಲಿ ಬ್ಯಾಡ. ಮತ್ತ, ಬರೇ ಹೆಸರು ಅನ್ನಬೇಕು, ಕಥಿ ಹೇಳಬಾರ್ದು. ಸಿಟ್ಟು ಅಂದ್ರ ಸಿಟ್ಟು, ಅಷ್ಟ. ಯಾರ ಮ್ಯಾಲ, ಯಾಕ ಅನ್ನೂದೆಲ್ಲ ಬ್ಯಾಡ."

ಗೋಪಮ್ಮ ಬಾಯಿಬಿಡುವ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಕಥೆ ಬೇಡ ಎಂಬ ಮಾತನ್ನು ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲೇ ಮರೆತು ಬಂದಳು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಗೋಡೆಗೆ ಹೊಂದಿಸಿ ಚಾಪೆ ಹಾಸಿದಳು. ಅಲ್ಲೇ ಯಾಕೆ ಎಂದು ತಾಯಣ್ಣ ಕೇಳಿದರೆ ನೆರಳಿದೆ ಅಂದಳು. ಕಣ್ಣು ಮುಚ್ಚಿದಳು. "ಸಿಟ್ಟು... ಸಿಟ್ಟು... ಮಂದಿ ಮುಂದ ಮರ್ಯಾದಿ ಕಳದವ್ರ ಮ್ಯಾಲ ಸಿಟ್ಟು..."

ಗೋಡೆಯಾಚೆ ಕಸಬರಿಗೆಯ ಸದ್ದು ನಿಂತಿತು. ಗೋಪಮ್ಮನಿಗೆ ಮೈಯೆಲ್ಲ ಪುಳಕ. ಅರೆ! ಇದು ಮಾತಲ್ಲ, ಧ್ಯಾನ. ಮುಖ ನೋಡಿಲ್ಲ, ಹೆಸರು ಹಿಡಿದಿಲ್ಲ, ಕಣ್ಣಂತೂ ಪೂರಾ ಮುಚ್ಚಿವೆ. ಯಾವ ಕಾನೂನಿನಲ್ಲಿ ಹಿಡಿಯುತ್ತಾರೆ? ಇನ್ನು ಕೋಳಿಯ ಹಂಗೇಕೆ? ಅವಳು ಉಸಿರೆಳೆದುಕೊಂಡು ಮುಂದುವರಿಸಿದಳು. "ವಾಸನಿ... ವಾಸನಿ... ಯಾರದೋ ಒಲಿ ಮ್ಯಾಲ ಬ್ಯಾಳಿ ಸೀದ ವಾಸನಿ..."

ಬೂದೆಮ್ಮನೇನು ಕಡಿಮೆಯವಳೇ? ಸ್ವಲ್ಪ ದಿನ ತಡೆದುಕೊಂಡಳು, ಆಮೇಲೆ ತಾನೂ ಒಂದು ಚಾಪೆ ತಂದು ಗೋಡೆಯ ಆಚೆ ಬದಿಗೆ ಹಾಸಿದಳು. "ಕೇಳಾಕತ್ತೀನಿ... ಕೇಳಾಕತ್ತೀನಿ... ಕತ್ತೆ ಒದರಿದಂಗ ಕೇಳಾಕತ್ತೀನಿ..."

"ಉರಿ... ಉರಿ... ಕತ್ತೆ ಅಂದವ್ರ ಹೊಟ್ಟಿ ಉರಿ..."

"ನಗು... ನಗು... ಮುದುಕಿ ಸನ್ಯಾಸಕ್ಕ ಕುಂತದ್ದು ನೋಡಿ ನಗು..."

ಓಣಿಯ ಹೆಂಗಸರು ಹೆಚ್ಚುವ ಕಾಯಿಪಲ್ಯ ತೆಗೆದುಕೊಂಡು ಬಂದು ಕಟ್ಟೆಯ ಮೇಲೆ ಕೂಡತೊಡಗಿದರು. ತಾಯಣ್ಣನಿಗೆ ಎರಡೂ ಕಿವಿ ಸ್ವಚ್ಛ ಕೇಳಿಸತೊಡಗಿದವು. ಎಲ್ಲಕ್ಕಿಂತ ಸೋಜಿಗವೆಂದರೆ ಗೋಪಮ್ಮನ ಬಿಪಿ ಇಳಿಯಿತು. ಆದರೆ ಆಡಬೇಕಾದ ಆ ಒಂದು ಮಾತು ಮಾತ್ರ ಗಂಟಲಲ್ಲೇ ಇತ್ತು, ಚಳಿಯೂ ಹತ್ತಿರ ಬರುತ್ತಿತ್ತು.

ಗೋಪಮ್ಮ ದಿನಾ ಸಾಧನೆ ಮಾಡುತ್ತಾಳಂತೆ ಎಂಬ ಸುದ್ದಿ ಕೇಳಿ ಸಂತೋಷಪಟ್ಟ ಅನಿಲಕುಮಾರ ಒಂದು ದಿನ ಮಾನ್ವಿಗೇ ಬಂದ. ಚಾಪೆಯ ತುದಿಗೆ ಕುಳಿತು ಕೇಳಿದ. ಕೇಳುತ್ತ ಕೇಳುತ್ತ ಹಣೆ ಹಿಡಿದುಕೊಂಡ. "ಯವ್ವಾ, ಇದು ಧ್ಯಾನ ಅಲ್ಲ, ಖರೇ ಜಗಳ!"

ಅಷ್ಟರಲ್ಲಿ ಆಚೆಯಿಂದ ಬೂದೆಮ್ಮನ ದನಿ ಬಂತು. "ಪ್ರಶ್ನಿ... ಪ್ರಶ್ನಿ... ಹಾಸ್ಟೆಲ್ಲಿನ್ಯಾಗ ಉಂಡವ್ರು ಇಲ್ಲೇ ಕುಂತಾರ, ರುಚಿ ಹೆಂಗಿತ್ತು ಅಂತ ಪ್ರಶ್ನಿ ಏಳಾಕತ್ತದ..."

ಕಟ್ಟೆಯ ಮೇಲಿನ ಹೆಂಗಸರೆಲ್ಲ ಹೆಚ್ಚುವುದನ್ನು ನಿಲ್ಲಿಸಿದರು. ಗೋಪಮ್ಮ ಹೆಮ್ಮೆಯಿಂದ ಅವನತ್ತ ತಿರುಗಿದಳು. ಪಾಪ, ಅನಿಲಕುಮಾರ ಪ್ರತಿ ಭಾನುವಾರ ಹತ್ತಾರು ಜನರಿಂದ ಸುಳ್ಳಾಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿಸುವವನು. ಕಣ್ಣು ಮುಚ್ಚಿಕೊಂಡ. "ಇಕ್ಕಟ್ಟು... ಇಕ್ಕಟ್ಟು..." ಎಂದು ಗೊಣಗಿದ. ಕೊನೆಗೆ, "ನಮಗ ಹಸಿವು ಬಾಳ ಇತ್ತು, ಯವ್ವಾ" ಅಂದ.

ಗೋಡೆಯಾಚೆಯ ನಗು ಬೀದಿಯ ತುದಿಯವರೆಗೆ ಕೇಳಿಸಿತು. ಮೇಷ್ಟ್ರಿಗೆ ಅಂದು ಚಹಾ ಸಿಗಲಿಲ್ಲ. ಆದರೂ ಹೋಗುವಾಗ ಚಪ್ಪಲಿ ಮೆಟ್ಟುತ್ತ ಅವನು ಹೇಳಿದ: "ನಿನ್ನ ಕೈಯಾನ ಅನ್ನ ಉಂಡೇ ನಾ ಈಟು ಬೆಳದೀನಿ, ಅದಕ್ಕ ಹೇಳಾಕತ್ತೀನಿ. ಒಂದ್ಸಲ ಕಥಿ ಬಿಟ್ಟು ಬರೇ ಹೆಸರು ಅಂದು ನೋಡು. ನೀ ಇಟ್ಟ ಹೆಸರು ಬರೋಬ್ಬರಿ ಅದನೋ ಇಲ್ಲೋ, ನಿನಗ ತಿಳೀತದ."

ಚಳಿ ಬಿತ್ತು. ನಾಗವೇಣಿ ದೇವದುರ್ಗದಿಂದ ಗಾಡಿ ಮಾಡಿಕೊಂಡು ಬಂದಳು. ಆಚೆ ಟ್ರಂಕು ಎಳೆಯುವ ಸದ್ದು, ಹಾಸಿಗೆ ಸುತ್ತುವ ಸದ್ದು. ಈಚೆ ಗೋಪಮ್ಮ ಎಂದಿನಂತೆ ಚಾಪೆಯ ಮೇಲೆ ಕುಳಿತಳು. ಬಾಯಿ ತೆರೆದು "ಸಿಟ್ಟು" ಅಂದಳು. ಕಥೆ ತಾನಾಗಿ ಬರಲಿ ಎಂದು ಕಾದಳು, ಯಾವ ಕಥೆಯೂ ಬರಲಿಲ್ಲ. ಇನ್ನೊಮ್ಮೆ "ಸಿಟ್ಟು" ಅಂದಳು. ಒಳಗೆ ಹುಡುಕಿದರೆ ಸಿಟ್ಟು ಎಲ್ಲಿದೆ? ಅಂಗೈ ತಣ್ಣಗಾಗಿದ್ದವು, ಎದೆ ಡವಡವ ಅನ್ನುತ್ತಿತ್ತು. ಇದಕ್ಕೆ ಏನು ಹೆಸರು? ಹುಡುಕಿ ಹುಡುಕಿ ಕೊನೆಗೆ ಒಂದು ಹೆಸರು ಸಿಕ್ಕಿತು.

"ಹೆದ್ರಿಕಿ."

ಗೋಪಮ್ಮನ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. "ಹೆದ್ರಿಕಿ... ಹೆದ್ರಿಕಿ..."

ಆಚೆಯ ಗದ್ದಲ ನಿಂತಿತು. ಗೋಡೆಯ ಮೇಲೆ ಬೂದೆಮ್ಮನ ಮುಖ ಕಾಣಿಸಿತು. "ಯಾತರ ಹೆದ್ರಿಕಿ ಗೋಪಿ?"

ನೇರವಾಗಿ ಕೇಳಿದಳು! ಮುಖ ನೋಡಿ, ಹೆಸರು ಹಿಡಿದು! ಗೋಪಮ್ಮ ಗೆದ್ದಳು. ಎದ್ದು ಕುಣಿಯಬೇಕಾಗಿತ್ತು, ಓಣಿಗೆಲ್ಲ ಕೂಗಿ ಹೇಳಬೇಕಾಗಿತ್ತು. ಕಣ್ಣು ತೆರೆದರೆ ನೀರು ಬಳಬಳ ಇಳಿಯಿತು.

"ನೀ ಹೋಗೂದು, ಯಕ್ಕಾ."

ಗೋಡೆಯ ಮೇಲಿನ ಮುಖ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಬೂದೆಮ್ಮ ಬೀದಿಯ ಕಡೆಯಿಂದ ಸುತ್ತಿ ಈಚೆಯ ಅಂಗಳಕ್ಕೆ ಬಂದಳು. "ಜರಾ ಸರಿ. ನನ್ನ ಮೊಣಕಾಲು ಮಡಚಾಕ ಬರೂದಿಲ್ಲ" ಎನ್ನುತ್ತ ಅದೇ ಚಾಪೆಯ ಮೇಲೆ ಕಾಲು ಚಾಚಿ ಕುಳಿತಳು. "ಇದೊಂದು ಮಾತು ಅನ್ನಾಕ ಇಷ್ಟು ದಿನ ಕಣ್ಣು ಮುಚ್ಕೊಂಡು ಕುಂತಿದ್ದೇನ್ ಬೇ?"

"ನೀನರ ಕೇಳಿದ್ದೇನು?"

"ಇವತ್ತು ಇರು ಅಂತಾಳ, ನಾಳಿಗಿ ಇರು ಅಂತಾಳ ಅಂತ ನಾನೂ ದಿನಾ ಚಾಪಿ ಹಾಸ್ಕೊಂಡು ಕುಂತೆ. ಇಲ್ಲಾಂದ್ರ ನಂಗೇನು ಧ್ಯಾನದ ಹುಚ್ಚು ಹಿಡದಿತ್ತೇನು?" ಬೂದೆಮ್ಮ ಸೆರಗಿನಿಂದ ಮೊದಲು ಗೋಪಮ್ಮನ ಮೂಗು ಒರೆಸಿದಳು, ಆಮೇಲೆ ತನ್ನದು.

ನಾಗವೇಣಿ ಬಾಗಿಲಿಗೆ ಬಂದು ಇಬ್ಬರನ್ನೂ ನೋಡಿದಳು. "ಅವ್ವಾ, ಗಾಡಿಯವ ಕಾಯಾಕತ್ತಾನ. ಹೊಂಡೂನೇನು?"

ಬೂದೆಮ್ಮ ಮಗಳ ಕಡೆ ತಿರುಗಲೂ ಇಲ್ಲ. "ಅವನ್ನ ಕಳಿಸಿಬಿಡು. ನಮ್ಮ ಜಗಳ ಇನ್ನಾ ಮುಗಿದಿಲ್ಲ."