ಮೆಹಂದಿಯ ಕೆಳಗಿನ ಗಾಯ

ಗಾಯ ಕಂಡರೆ ನನಗೆ ಹುಮ್ಮಸ್ಸು ಬರುತ್ತದೆ. ಹೇಳಿಕೊಳ್ಳಬಾರದ ಮಾತು, ಆದರೆ ನಿಜ. ಉಳಿದ ಹೆಂಗಸರು ಸೀರೆ ಅಂಗಡಿಯ ಮುಂದೆ ಕಣ್ಣರಳಿಸಿ ನಿಂತರೆ ನಾನು ಆಡಿನ ಗೊರಸಿನ ಸಂದಿಯಲ್ಲಿ ಹುಳ ಕಂಡರೆ ಸೆರಗು ಸಿಕ್ಕಿಸಿ ಕೂತುಬಿಡುತ್ತೇನೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟಿಗೇ ಒಂದು ದಾರಿ. ಚಿಕ್ಕೇರೂರಿನ ತವರಿನಲ್ಲಿ ಅಪ್ಪನ ಆಡು ಕುರಿಗಳ ನಡುವೆ ಹತ್ತಿದ ಚಟ, ಮದುವೆಯಾಗಿ ಸವಣೂರಿಗೆ ಬಂದರೂ ಬಿಡಲಿಲ್ಲ. ಓಣಿಯಲ್ಲಿ ನನಗೆ ‘ಹುಳದವ್ವ’ ಎಂದೇ ಹೆಸರು. ಎದುರಿಗೇ ಹೇಳಿ ನಗುತ್ತಾರೆ. ತಮ್ಮ ಆಡಿಗೆ ಏನಾದರೂ ಆದರೆ ಮಾತ್ರ ಚಹಾ ಕುಡಿಯಲೂ ಬಿಡದೆ ಬಾಗಿಲು ಬಡಿಯುತ್ತಾರೆ.

ಈಚಿನ ವರ್ಷಗಳಲ್ಲಿ ಬಕ್ರೀದ್ ಮುಂಗಾರಿನ ಸುತ್ತಮುತ್ತ ಬರುತ್ತಿದೆ. ಮಳೆ ಬಿದ್ದ ಮೇಲೆ ನೊಣಗಳದೇ ರಾಜ್ಯ. ಅಂಥ ಒಂದು ಬೆಳಿಗ್ಗೆ ಬಾಗಿಲು ಬಡಿದವರು ಪಕ್ಕದ ಮನೆಯ ಮುದುಕಿ. ಓಣಿಯ ಚಿಕ್ಕವರು ದೊಡ್ಡವರೆಲ್ಲ ಆಕೆಯನ್ನು ಖಾಲಾ ಎಂದೇ ಕರೆಯುವುದು. ಅವರ ಹಿಂದೆ ಹಗ್ಗದ ತುದಿಗೆ ಬಿಳಿ ಹೋತ ನಿಂತಿತ್ತು, ತಲೆ ಒಂದು ಕಡೆ ವಾಲಿಸಿಕೊಂಡು.

ಆ ಹೋತದ ಕಥೆ ನನಗೆ ಗೊತ್ತಿತ್ತು. ಅದು ಅವರ ಮನೆಯಲ್ಲೇ ಹುಟ್ಟಿದ್ದು. ಹುಟ್ಟಿದ ವಾರದಲ್ಲೇ ಅವರ ಯಜಮಾನರು ಅದರ ಬೆನ್ನ ಮೇಲೆ ಕೈಯಿಟ್ಟು, ಇದನ್ನು ಬಕ್ರೀದಿಗೆ ಬಲಿ ಕೊಡುವ ಕುರ್ಬಾನಿಗೆ ಬಿಡೋಣ ಎಂದಿದ್ದರು. ಆಮೇಲೆ ಹೆಚ್ಚು ದಿನ ಅವರು ಬದುಕಲಿಲ್ಲ. ಉದ್ದ ಕಿವಿಯ ಆ ಮರಿಯನ್ನು ಖಾಲಾ ಮಡಿಲಲ್ಲಿ ಹಾಕಿಕೊಂಡು ಬೆಳೆಸಿದರು. ಗಂಡನ ಆ ಒಂದು ಮಾತನ್ನು ನಡೆಸಿಬಿಟ್ಟರೆ ಸಾಕು ಎನ್ನುವುದೇ ಅವರ ಬಾಯಲ್ಲಿ ಯಾವಾಗಲೂ.

ಹೋತದ ಹಣೆ, ಬೆನ್ನು, ಬಲಗಿವಿಗೆಲ್ಲ ಮೆಹಂದಿ ಮೆತ್ತಿತ್ತು. ಹಬ್ಬದ ಹೋತಕ್ಕೆ ಮೆಹಂದಿ ಹಚ್ಚುವುದು ರೂಢಿ. ಆದರೆ ಹಬ್ಬ ಇನ್ನೂ ದೂರವಿತ್ತು, ಮತ್ತು ಕಿವಿಯ ಹತ್ತಿರ ಮೂಗು ಒಯ್ದರೆ ಹೆಣದ ವಾಸನೆ.

“ಇಷ್ಟು ಲಗೂನ ಯಾಕ ಹಚ್ಚಿದ್ರಿ ಖಾಲಾ?”

“ಕಿವಿ ಕೆರಕೊಳ್ಳಾಕತ್ತಿತ್ತು ಬೇಟಿ. ತಂತಿ ಬೇಲಿ ತರಚಿತ್ತು. ಮೆಹಂದಿ ತಂಪಲ್ಲಾ, ಗಾಯಾನೂ ಮಾಯ್ತದ, ಬಣ್ಣಾನೂ ಕೂಡ್ತದ ಅಂತ ನಾನಾ ಹಚ್ಚಿದೆ.”

ಪ್ರೀತಿ ಹೆಚ್ಚಾದರೆ ಹೀಗೇ. ನಾನು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಆ ಒಣ ಹಕ್ಕಳೆಯನ್ನು ನೆನೆಸಿ ಎಬ್ಬಿಸಿದೆ. ಕೆಳಗೆ ಗಾಯ ಕುದಿಯುತ್ತಿತ್ತು! ಬಿಳಿ ಹುಳಗಳು ಮೈಮೇಲೆ ಮೈ ಹಾಕಿಕೊಂಡು ಮಿಜಿಗುಡುತ್ತಿದ್ದವು. ಖಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೋ, ಸುಳ್ಳೇಕೆ ಹೇಳಲಿ, ಮೈಯೆಲ್ಲ ಚುರುಕಾಯಿತು.

“ಕಿವಿ ಉದುರಿ ಹೋಗ್ತದೇನು?” ಎಂದು ಅಳತೊಡಗಿದರು. “ಮೂರ್ನೇ ಪಾಲಿಗಿಂತ ಹೆಚ್ಚು ಕಿವಿ ಹೋದರ ಕುರ್ಬಾನಿಗೆ ನಡ್ಯಂಗಿಲ್ಲ ಬೇಟಿ. ಅವರ ಮಾತು ಹಂಗಾ ಉಳೀತದ.”

“ನಾ ಇರೂತನಕ ಹೆಂಗ ಹೋಗ್ತದ? ನೀವು ಕೊಂಬು ಗಟ್ಟಿ ಹಿಡೀರಿ!”

ಗಾಯದ ಸುತ್ತಲಿನ ಕೂದಲು ಕತ್ತರಿಸಿದೆ. ಟರ್ಪಂಟೈನ್ ಎಣ್ಣೆಯ ಹನಿ ಹಾಕಿದ ಹತ್ತಿಯನ್ನು ತೂತಿನ ಬಾಯಿಗೆ ಇಟ್ಟು ಕಾದೆ. ಕಾಯುವ ಆ ಹೊತ್ತು ಇದೆಯಲ್ಲ, ಅದರಷ್ಟು ಸೊಗಸು ಇನ್ನೊಂದಿಲ್ಲ. ಮೊದಲು ಏನೂ ಇಲ್ಲ. ಆಮೇಲೆ ಒಂದು ತಲೆ ಹೊರಗೆ. ಆಮೇಲೆ ಉಸಿರುಗಟ್ಟಿ ಒಂದರ ಹಿಂದೊಂದು ಹೊರಡುತ್ತವೆ. ಚಿಮಟಿಗೆ ಹಿಡಿದು ಎಳೆದೆಳೆದು ಡಬ್ಬಿಗೆ ಹಾಕಿದೆ. “ಬಾ ಮಗನ, ನೀನೂ ಬಾ, ನಿಮ್ಮಪ್ಪನ್ನೂ ಕರಕೊಂಡು ಬಾ!” ಎಂದು ನಾನು ಕೂಗುತ್ತಿದ್ದರೆ, ಅಳುತ್ತಿದ್ದ ಖಾಲಾ ನಕ್ಕುಬಿಟ್ಟರು. ಹೋತ ಒದೆಯಿತು, ನನ್ನ ಮೊಳಕಾಲು ಊದಿತು. ಊದಲಿ ಬಿಡು ಎಂದೆ.

ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ ಅದು. ಆಳದಲ್ಲಿ ಅಡಗಿದವು ಮರುದಿನ ಮೇಲೆ ಬರುತ್ತವೆ. ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದೆವು, ನೊಣ ಕೂರದ ಸ್ಪ್ರೇ ತಂದೆವು. ದಿನಾಲೂ ತೊಳೆದು, ಒರೆಸಿ, ಗಾಯದ ಅಂಚಿಗೆ ಬೇವಿನ ಎಣ್ಣೆ ಅರಿಶಿಣ ಹಚ್ಚಿದೆ. ಕೆರೆದುಕೊಳ್ಳದಿರಲೆಂದು ರಟ್ಟಿನ ಡಬ್ಬಿ ಕತ್ತರಿಸಿ ಕೊರಳಿಗೆ ತೊಡಿಸಿದೆ. ಮದುಮಗನ ಬಾಸಿಂಗ ಜಾರಿದಂತೆ ಕಾಣುತ್ತಿತ್ತು, ಓಣಿಯೆಲ್ಲ ನಕ್ಕಿತು. ಒಂದು ಬೆಳಿಗ್ಗೆ ನೋಡುತ್ತೇನೆ, ತೂತಿನ ತಳದಲ್ಲಿ ಗುಲಾಬಿ ಬಣ್ಣದ ಹೊಸ ಮಾಂಸ! ಬರಿಗಾಲಲ್ಲೇ ಓಡಿ ಹೋಗಿ ಖಾಲಾನ ಹಿತ್ತಲಲ್ಲಿ ಕುಣಿದಾಡಿದೆ. ಕಿವಿಯ ತುದಿ ಸ್ವಲ್ಪ ಹೋಯಿತು, ಉಳಿದದ್ದೆಲ್ಲ ಉಳಿಯಿತು.

ಹೋತಕ್ಕೂ ನನ್ನೊಡನೆ ಸಲಿಗೆ ಬೆಳೆಯಿತು. ನನ್ನ ಬಳೆ ಸದ್ದು ಕೇಳಿದರೆ ತಾನೇ ಬಂದು ತಲೆ ತೊಡೆಯ ಮೇಲಿಡುತ್ತಿತ್ತು. ಹಾಗೆ ಒಂದು ದಿನ ತಲೆಯಿಟ್ಟು ಕಣ್ಣು ಮುಚ್ಚಿದಾಗಲೇ ಎಣ್ಣೆ ಹಚ್ಚುತ್ತಿದ್ದ ನನ್ನ ಕೈ ನಿಂತಿತು. ಯಾವುದಕ್ಕೆ ಗುಣ ಮಾಡುತ್ತಿದ್ದೇನೆ ಇದನ್ನು? ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಗೊತ್ತಿದ್ದೂ ಅತ್ತ ನೋಡಿರಲಿಲ್ಲ, ಅಷ್ಟೇ.

ಹಬ್ಬದ ಮುನ್ನಾದಿನ ಮಸೀದಿಯ ಮೌಲಾನಾ ಬಂದರು. ಖಾಲಾನೇ ಕರೆಸಿದ್ದರು, ಮನಸ್ಸಿನಲ್ಲಿ ಅನುಮಾನ ಉಳಿಯಬಾರದೆಂದು. ಅವರು ಕಿವಿಯನ್ನು ಅಂಗೈ ಮೇಲೆ ಹರಡಿ ನೋಡಿದರು, ಹಲ್ಲು ನೋಡಿದರು, ನಡೆಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಕಿವಿ ಅಳತ್ಯಾಗ ಐತಿ. ಆದರ ಒಳಗಿಂದು ನನಗ ತಿಳ್ಯಂಗಿಲ್ಲ ಅಕ್ಕಾರ. ಔಷಧ ಮಾಡಿದವರು ನೀವು. ಗಾಯ ಪೂರಾ ಮಾಸೈತೇನ್ರಿ? ನೀವು ಹೇಳಿದ್ರ ಮುಗೀತು.”

ಇಲ್ಲ ಎಂದರೆ ಸಾಕಿತ್ತು. ಒಳಗೆ ಇನ್ನೂ ಕೀವು ಐತ್ರಿ ಎಂದರೆ ಅದು ಇನ್ನೊಂದು ವರ್ಷ ನನ್ನ ಬಳೆ ಸದ್ದಿಗೆ ಓಡಿಬರುತ್ತಿತ್ತು. ನನ್ನ ಮಾತನ್ನು ಪರೀಕ್ಷಿಸುವವರು ಸವಣೂರಿನಲ್ಲಿ ಯಾರಿದ್ದರು? ಖಾಲಾ ನನ್ನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು.

“ಮಾಸೈತ್ರಿ,” ಎಂದೆ. “ಪೂರಾ ಮಾಸೈತಿ.”

ಹೇಳುವಾಗ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಮೌಲಾನಾ ಹೋದ ಮೇಲೆ ಸಿಟ್ಟಿನಿಂದಲೇ ಕೇಳಿದೆ: “ನಾ ಇಲ್ಲ ಅಂದಿದ್ರ ಏನ್ ಮಾಡ್ತಿದ್ರಿ?”

“ಶಿಗ್ಗಾಂವಿಯಿಂದ ಬ್ಯಾರೆ ಹೋತ ತರಸ್ತಿದ್ದೆ,” ಎಂದರು ಖಾಲಾ. “ಅದನ್ನ ಕೊಡೂವಾಗ ನನಗ ಅಳು ಬರ್ತಿರಲಿಲ್ಲ ಬೇಟಿ. ಅಳು ಬರಲಾರದ್ದು ಕೊಟ್ಟರ ಏನು ಕೊಟ್ಟಂಗಾತು?”

ಹಬ್ಬದ ಬೆಳಿಗ್ಗೆ ಮತ್ತೆ ಅವರೇ ಬಂದರು. “ಕುರ್ಬಾನಿಗಿಂತ ಮೊದಲ ನೀರು ಕುಡಸಬೇಕು, ನನ್ನ ಕೈಲೆ ಕುಡ್ಯವಲ್ದು. ನೀನು ಬಂದು ನೀರು ಕುಡಸು,” ಎಂದರು. ಹೋದೆ. ಬಕೀಟು ಮುಂದಿಟ್ಟ ಕೂಡಲೇ ಹೋತ ಗಟಗಟ ಕುಡಿಯಿತು. ಮಳೆ ನಿಂತಿತ್ತು, ಹಿತ್ತಲ ತುಂಬ ನೊಣ. ನಾನು ಆ ಕಿವಿಯನ್ನೇ ನೋಡುತ್ತ ನಿಂತಿದ್ದೆ. ಅದರ ಮೇಲೆ ಒಂದೂ ಕೂರಲಿಲ್ಲ.